ಹೆಗಲು ನೋವಿಗೆ ವಾರಕ್ಕೆಷ್ಟು ಸೂಜಿ?

ದಕ್ಷಿಣ ಕೊರಿಯಾದ ಯಾವ ಊರಿನ ಪೇಟೆ ಬೀದಿಯಲ್ಲಿ ನಡೆದರೂ ಬ್ಯಾಂಕು, ಬೇಕರಿ, ಕೋಳಿ ಕರಿಯುವ ಅಂಗಡಿಗಳ ಮೇಲಿನ ಮಹಡಿಯಲ್ಲಿ ಒಂದು ‘ಹನುಯಿವನ್’ ಬೋರ್ಡು ಕಣ್ಣಿಗೆ ಬೀಳುತ್ತದೆ. ಕೊರಿಯಾದ ಸಾಂಪ್ರದಾಯಿಕ ವೈದ್ಯರು ನಡೆಸುವ ಕ್ಲಿನಿಕ್ಕು ಅದು. ಬಾಗಿಲು ತಳ್ಳಿದರೆ ಬೇರು ನಾರು ಕುದಿಸಿದ ವಾಸನೆ. ಒಳಗೆ ಪರದೆ ಎಳೆದ ಮಂಚಗಳ ಸಾಲು, ಕೆಂಪು ದೀಪದ ಕಾವಿನಡಿ ಬೋರಲು ಮಲಗಿದ ಜನ. ಬೆಳಿಗ್ಗೆ ಹೊತ್ತು ಅಜ್ಜಿಯರದು, ಮಧ್ಯಾಹ್ನದ ಊಟದ ಬಿಡುವು ಆಫೀಸಿನವರದು. ಬಂದವರಲ್ಲಿ ಬಹುಪಾಲು ಜನಕ್ಕೆ ಸೊಂಟ, ಕತ್ತು, ಮಂಡಿ ಅಥವಾ ಹೆಗಲು ನೋವು. ಮೊದಲ ಸಲ ಬಂದವರು ದುಡ್ಡು ಕಟ್ಟುವಾಗ ಕೇಳುವ ಪ್ರಶ್ನೆ ಒಂದೇ: ಎಷ್ಟು ಸಲ ಬರಬೇಕು?

ಸಾಮಾನ್ಯವಾಗಿ ಸಿಗುವ ಉತ್ತರವೂ ಒಂದೇ. ಮೊದಮೊದಲು ವಾರಕ್ಕೆ ಎರಡು ಮೂರು ಸಲ ಬನ್ನಿ, ಆಮೇಲೆ ನೋಡೋಣ. ಕೇಳಲು ಸರಳವಾದ ಈ ಉತ್ತರದ ಹಿಂದೆ ದೇಹ ಮಾಗುವ ಲೆಕ್ಕ ಒಂದಿದೆ, ಸರ್ಕಾರದ ವಿಮೆಯ ಲೆಕ್ಕ ಇನ್ನೊಂದಿದೆ. ಕ್ಲಿನಿಕ್ಕಿನ ಬಾಡಿಗೆಯ ಲೆಕ್ಕ ಇಲ್ಲವೇ ಇಲ್ಲ ಎಂದರೆ ಯಾರೂ ನಂಬುವುದಿಲ್ಲ. ರೋಗಿಗೆ ಬೇಕಾದದ್ದು ಮೊದಲನೆಯದು. ಆದರೆ ಕೈಗೆ ಬರುವುದು ಎಲ್ಲವೂ ಕಲಸಿಹೋದ ಮೊತ್ತ.

ಕೊರಿಯಾದಲ್ಲಿ ಇದು ಮನೆಮದ್ದಿನ ವ್ಯವಹಾರವಲ್ಲ ಎಂಬುದನ್ನು ಮೊದಲು ಹೇಳಬೇಕು. 1951ರ ವೈದ್ಯಕೀಯ ಕಾನೂನು ಅಲ್ಲಿ ಆಧುನಿಕ, ಸಾಂಪ್ರದಾಯಿಕ ಎಂಬ ಎರಡು ಬಗೆಯ ವೈದ್ಯರನ್ನು ಸಮಾನವಾಗಿ ನಿಲ್ಲಿಸಿತು. ‘ಹನುಯಿಸಾ’ ಎಂಬ ಸಾಂಪ್ರದಾಯಿಕ ವೈದ್ಯರಾಗಲು ಆರು ವರ್ಷ ಓದಿ ಸರ್ಕಾರದ ಪರೀಕ್ಷೆ ಪಾಸಾಗಬೇಕು. ಹನ್ನೊಂದು ಖಾಸಗಿ ಕಾಲೇಜುಗಳಿವೆ, ಬುಸಾನ್ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಒಂದು ಸ್ನಾತಕೋತ್ತರ ಶಾಲೆಯಿದೆ. ಸೋಲ್‌ನ ಕ್ಯುಂಗ್ ಹೀ ವಿಶ್ವವಿದ್ಯಾಲಯದ ಸೀಟು ಸಿಗುವುದು ನಮ್ಮ ಒಳ್ಳೆಯ ಸರ್ಕಾರಿ ಮೆಡಿಕಲ್ ಕಾಲೇಜಿನ ಸೀಟಿನಷ್ಟೇ ಕಷ್ಟ. ಪರಂಪರೆಯ ಮೂಲಗ್ರಂಥ ‘ದೊಂಗುಯಿ ಬೊಗಾಮ್’. ರಾಜವೈದ್ಯ ಹೊ ಜುನ್ ಅದನ್ನು 1610ರಲ್ಲಿ ಮುಗಿಸಿದ, 1613ರಲ್ಲಿ ಅಚ್ಚಾಯಿತು. 2009ರಲ್ಲಿ ಯುನೆಸ್ಕೊ ಅದನ್ನು ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿತು. ಕೊರಿಯಾದ ಟಿ.ವಿ. ಧಾರಾವಾಹಿಗಳ ಹುಚ್ಚಿರುವ ನಮ್ಮ ಹುಡುಗ ಹುಡುಗಿಯರಿಗೆ ಹೊ ಜುನ್ ಹೆಸರು ಹೊಸದೇನಲ್ಲ. ಹೆಗಲು ನೋವಿನ ಪಾಲಿಗೆ ಆ ಗ್ರಂಥಕ್ಕಿಂತ ದೊಡ್ಡ ಘಟನೆ ನಡೆದದ್ದು 1987ರಲ್ಲಿ. ಆ ವರ್ಷ ಸಾಂಪ್ರದಾಯಿಕ ಚಿಕಿತ್ಸೆ ರಾಷ್ಟ್ರೀಯ ಆರೋಗ್ಯ ವಿಮೆಯೊಳಗೆ ಬಂತು. ಸೂಜಿ ಚುಚ್ಚಿಸಿಕೊಳ್ಳುವುದು ಹಣವಂತರ ಆರೈಕೆಯಾಗಿ ಉಳಿಯದೆ ಬೀದಿಯ ಮಾತಾಯಿತು.

ಒಂದು ಸಲದ ಚಿಕಿತ್ಸೆಯಲ್ಲಿ ಏನೇನು ನಡೆಯುತ್ತದೆ? ವೈದ್ಯರು ತೋಳನ್ನು ಎತ್ತಿಸಿ, ಹಿಂದಕ್ಕೆ ತಿರುಗಿಸಿ ನೋಡುತ್ತಾರೆ, ನಾಡಿ ಹಿಡಿಯುತ್ತಾರೆ, ನಾಲಗೆ ನೋಡುವವರೂ ಇದ್ದಾರೆ. ಆಮೇಲೆ ಮಂಚ. ಕೂದಲೆಳೆಗಿಂತ ತುಸು ದಪ್ಪದ ಸೂಜಿಗಳನ್ನು ಹೆಗಲ ತುದಿಯ ಗುಳಿಗಳಲ್ಲಿ, ಕತ್ತು ಮತ್ತು ಹೆಗಲಿನ ನಡುವಿನ ದಿಬ್ಬದಲ್ಲಿ, ಮೊಳಕೈ ಮಡಿಕೆಯಲ್ಲಿ, ಹೆಬ್ಬೆರಳು ತೋರುಬೆರಳುಗಳ ಸಂದಿಯಲ್ಲಿ ಇಳಿಸುತ್ತಾರೆ. ಹೆಗಲು ನೋವಿಗೆ ಮೀನಖಂಡದ ಬಳಿ, ಕಾಲಿನ ಮುಂಭಾಗದಲ್ಲಿ ಚುಚ್ಚುವ ಪದ್ಧತಿಯೂ ಇದೆ. ಸೂಜಿ ಒಳಗಿರುವಾಗಲೇ ತೋಳು ಎತ್ತಿಸಿ ಇಳಿಸುವವರೂ ಉಂಟು. ಹದಿನೈದು ಇಪ್ಪತ್ತು ನಿಮಿಷ ಹಾಗೇ ಮಲಗಬೇಕು. ಕೆಲವರಿಗೆ ಸೂಜಿಗೆ ಸಣ್ಣ ವಿದ್ಯುತ್ ಹರಿಸುತ್ತಾರೆ. ನಂತರ ಬಟ್ಟಲು ಹಚ್ಚಿ ಎಳೆಯುವ ‘ಬುಹಾಂಗ್’, ಔಷಧಿ ಎಲೆಯ ಉಂಡೆ ಸುಟ್ಟು ಕಾವು ಕೊಡುವ ‘ತ್ತುಮ್’, ಕೈಯಿಂದ ಕೀಲು ಸರಿಪಡಿಸುವ ‘ಛುನಾ’. ಗಿಡಮೂಲಿಕೆಯ ಸಾರವನ್ನು ಸಿರಿಂಜಿನಲ್ಲಿ ತುಂಬಿ ನೋವಿನ ಜಾಗಕ್ಕೆ ಕೊಡುವ ‘ಯಾಕ್ಛಿಮ್’ ಬೇರೆ. ಎಲ್ಲ ಸೇರಿ ಮುಕ್ಕಾಲು ಗಂಟೆ, ಕೆಲವೊಮ್ಮೆ ಒಂದು ಗಂಟೆ.

ಇಷ್ಟರಿಂದ ನೋವು ತಗ್ಗಿದರೆ ಅದು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದರ ಮೇಲೆ ಮುಂದಿನ ಭೇಟಿ ನಿಂತಿದೆ. ಸೂಜಿ ಚುಚ್ಚಿದ ಕಡೆ ದೇಹ ತನ್ನದೇ ನೋವುನಿವಾರಕ ರಾಸಾಯನಿಕಗಳನ್ನು ಬಿಡುತ್ತದೆ, ಬಿಗಿದ ಸ್ನಾಯು ಸಡಿಲಗೊಳ್ಳುತ್ತದೆ. ಮೊದಲ ಸಲ ಆ ಹಿತ ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ. ಹಳೆಯ ನೋವು ಪೂರ್ತಿ ಮರಳುವ ಮೊದಲೇ ಎರಡನೆಯ ಸಲ, ಅದರ ಮೇಲೆ ಮೂರನೆಯದು ಎಂಬುದು ವೈದ್ಯರ ವಾದ. ವಾರಕ್ಕೆ ಎರಡು ಮೂರು ಸಲ ಎಂಬ ಲೆಕ್ಕ ಹುಟ್ಟುವುದು ಹೀಗೆ. ಹಿತ ನಾಲ್ಕೈದು ದಿನ ಉಳಿಯತೊಡಗಿದರೆ ವಾರಕ್ಕೊಮ್ಮೆ ಸಾಕು. ಹತ್ತು ಹದಿನೈದು ದಿನ ಉಳಿದರೆ ಮನೆಯಲ್ಲಿ ವ್ಯಾಯಾಮ ಮಾಡಿಕೊಂಡಿದ್ದರೆ ಆಯಿತು.

ಹಾಗೆಂದು ದಿನಕ್ಕೆರಡು ಸಲ ಚುಚ್ಚಿಸಿಕೊಂಡರೆ ಬೇಗ ಗುಣವಾಗುತ್ತದೆಯೇ? ಬೀಜಿಂಗಿನ ವಿಜ್ಞಾನಿ ಹಾನ್ ಜೀಶೆಂಗ್ ಅವರ ತಂಡ ಇಲಿಗಳ ಮೇಲೆ ವಿದ್ಯುತ್ ಸೂಜಿಯ ಪ್ರಯೋಗ ಮಾಡಿ ಕಂಡುಕೊಂಡ ಸಂಗತಿ ಇಲ್ಲಿ ನೆನಪಿಡುವಂಥದು. ಬಿಡುವಿಲ್ಲದೆ ಕೊಡುತ್ತಾ ಹೋದರೆ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ, ನೋವು ತಗ್ಗಿಸುವ ಪರಿಣಾಮವೇ ಕುಂದುತ್ತದೆ. ಮಾರ್ಫಿನ್‌ಗೆ ದೇಹ ಒಗ್ಗುವ ರೀತಿಗೂ ಇದಕ್ಕೂ ನಂಟಿದೆ. ಇಲಿಯ ಲೆಕ್ಕವನ್ನು ಮನುಷ್ಯನಿಗೆ ನೇರ ತರಲಾಗದು ನಿಜ. ಆದರೂ ನಡುವೆ ಒಂದೆರಡು ದಿನದ ಬಿಡುವು ಇರಲಿ ಎನ್ನುವ ಹಳೆಯ ವೈದ್ಯರ ಮಾತಿಗೆ ಬೆಲೆಯಿದೆ.

ಇಷ್ಟು ಹೊತ್ತು ಹೆಗಲು ನೋವು ಎಂದು ಒಂದೇ ಉಸಿರಿನಲ್ಲಿ ಹೇಳಿದ್ದಾಯಿತು. ತೊಡಕಿರುವುದೇ ಅಲ್ಲಿ. ಹೆಗಲ ಕೀಲು ದೇಹದಲ್ಲೇ ಅತಿ ಹೆಚ್ಚು ತಿರುಗುವ ಕೀಲು. ಆಳವಿಲ್ಲದ ಗುಳಿಯಲ್ಲಿ ದುಂಡು ಮೂಳೆ ಕೂತಿದೆ, ಅದನ್ನು ಹಿಡಿದಿಟ್ಟಿರುವುದು ನಾಲ್ಕು ಸಣ್ಣ ಸ್ನಾಯುಗಳು. ನಿನ್ನೆ ಅಟ್ಟದಿಂದ ಭಾರದ ಪೆಟ್ಟಿಗೆ ಇಳಿಸಿ ಇವತ್ತು ಉಳುಕಿದ ಹೆಗಲಿಗೂ, ಮೂರು ತಿಂಗಳಿಂದ ರಾತ್ರಿ ಆ ಮಗ್ಗುಲಲ್ಲಿ ಮಲಗಲಾಗದ ಹೆಗಲಿಗೂ ಒಂದೇ ವೇಳಾಪಟ್ಟಿ ಕೊಡುವವರನ್ನು ನಂಬಬೇಡಿ. ಉಳುಕಿಗೆ ಮೊದಲ ವಾರ ದಿನ ಬಿಟ್ಟು ದಿನ ಎರಡು ಮೂರು ಸಲ ಹೋದರೆ ಎರಡನೆಯ ವಾರದಲ್ಲಿ ಮುಗಿಯಬೇಕು. ಎಷ್ಟೋ ಸಲ ಏನೂ ಮಾಡದಿದ್ದರೂ ಅದು ಅಷ್ಟರಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಕೀರ್ತಿ ಸೂಜಿಗೆ ಸಲ್ಲುವುದು ಸೂಜಿಯ ಅದೃಷ್ಟ.

ಸ್ನಾಯು ಮೂಳೆಗೆ ಅಂಟುವ ಜಾಗದಲ್ಲಿ ಸವೆತ, ಊತ ಇದ್ದರೆ ಮಾತು ಬೇರೆ. ಗಡಿಯಾರ ಬಿಚ್ಚಿಟ್ಟು ಕ್ಯಾಲೆಂಡರು ತೆಗೆಯಬೇಕು. ಆ ಅಂಟು ನಾರುಗಳಿಗೆ ರಕ್ತದ ಹರಿವು ಕಡಿಮೆ, ಮಾಗಲು ಆರರಿಂದ ಹನ್ನೆರಡು ವಾರ ಬೇಕು. ಇಲ್ಲಿ ವಾರಕ್ಕೆರಡು ಸಲದಂತೆ ಶುರುಮಾಡಿ, ಮೂರು ನಾಲ್ಕು ವಾರಕ್ಕೆ ನಿಂತು ಅಳತೆ ಮಾಡುವುದು ಒಳ್ಳೆಯ ಕ್ರಮ. ಸೂಜಿ ಇಲ್ಲಿ ಮಾಡುವ ಉಪಕಾರವೆಂದರೆ ವ್ಯಾಯಾಮ ಮಾಡುವಷ್ಟು ನೋವು ತಗ್ಗಿಸುವುದು. ನಾರನ್ನು ಗಟ್ಟಿ ಮಾಡುವುದು ವ್ಯಾಯಾಮವೇ. ಮಂಚದ ಮೇಲೆ ಮಲಗಿ ಎದ್ದು ಮನೆಗೆ ಬಂದು ತೋಳನ್ನು ಮಡಿಲಲ್ಲಿಟ್ಟು ಕೂತವರಿಗೆ ನಲವತ್ತು ಸಲ ಚುಚ್ಚಿದರೂ ಬಂದ ದಾರಿಗೆ ಸುಂಕವಿಲ್ಲ.

ಎಲ್ಲಕ್ಕಿಂತ ಕಾಡುವುದು ಹೆಗಲು ಹಿಡಿದುಕೊಂಡುಬಿಡುವ ಕಾಯಿಲೆ. ನಮ್ಮಲ್ಲೂ ‘ಫ್ರೋಜನ್ ಶೋಲ್ಡರ್’ ಎಂದೇ ಮಾತು. ಕೊರಿಯಾದವರು ಇದನ್ನು ‘ಒಶಿಪ್‌ಕ್ಯೊನ್’ ಎನ್ನುತ್ತಾರೆ, ಐವತ್ತರ ಹೆಗಲು ಎಂದರ್ಥ. ನಲವತ್ತರಿಂದ ಅರವತ್ತರ ನಡುವೆ, ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು, ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಹೆಚ್ಚು. ಮೊದಲ ತಿಂಗಳುಗಳಲ್ಲಿ ಜೀವ ಹಿಂಡುವ ನೋವು. ಮುಂದೆ ನೋವು ಇಳಿದು ಬಿಗಿತ ಏರುತ್ತದೆ: ತಲೆ ಬಾಚಲಾಗದು, ಪ್ಯಾಂಟಿನ ಹಿಂಜೇಬಿನಿಂದ ಪರ್ಸು ತೆಗೆಯಲಾಗದು, ಬೆನ್ನ ಹಿಂದಿನ ಹುಕ್ಕು ಹಾಕಲಾಗದು. ಕೊನೆಗೆ ನಿಧಾನವಾಗಿ ಸಡಿಲ. ಒಟ್ಟು ಒಂದರಿಂದ ಮೂರು ವರ್ಷ. ಇಂಥ ಕಾಯಿಲೆಗೆ ವಾರಕ್ಕೆ ಮೂರು ಸಲದಂತೆ ಎರಡು ವರ್ಷ ಹೋದರೆ ಮುನ್ನೂರು ಭೇಟಿ ದಾಟುತ್ತದೆ. ಯಾರಿಗೂ ಅದರ ಅಗತ್ಯವಿಲ್ಲ. ನೋವಿನ ಹಂತದಲ್ಲಿ, ರಾತ್ರಿ ನಿದ್ದೆ ಬರುವಷ್ಟು ನೆಮ್ಮದಿಗಾಗಿ ಕೆಲವು ವಾರ ಹೆಚ್ಚಾಗಿ ಹೋಗುವುದರಲ್ಲಿ ಅರ್ಥವಿದೆ. ಆ ಹಂತದಲ್ಲಿ ಮೂಳೆ ವೈದ್ಯರು ಕೀಲಿನೊಳಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ನೂ ಹಲವರಿಗೆ ಬೇಗ ಆರಾಮ ಕೊಡುತ್ತದೆ. ಸೂಜಿಯ ಮೇಲಿನ ಅಭಿಮಾನಕ್ಕೆ ಅದನ್ನು ಬಿಡಬೇಕಾಗಿಲ್ಲ, ಸಕ್ಕರೆ ಇರುವವರು ಮಾತ್ರ ಮೊದಲು ಹೇಳಿಬಿಡಬೇಕು. ಬಿಗಿತದ ಹಂತದಲ್ಲಿ ಗೋಡೆಯ ಮೇಲೆ ಬೆರಳು ಹತ್ತಿಸುವುದು, ಬಾಗಿ ನಿಂತು ತೋಳನ್ನು ಲೋಲಕದಂತೆ ಆಡಿಸುವುದು ದಿನಾ ನಡೆಯಬೇಕಾದ ಕೆಲಸ. ಕ್ಲಿನಿಕ್ಕು ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಸಾಕು.

ಸಂಶೋಧನೆ ಏನನ್ನುತ್ತದೆ? ಜರ್ಮನಿಯಲ್ಲಿ 424 ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ದೀರ್ಘಕಾಲದ ಹೆಗಲು ನೋವಿಗೆ ಆರು ವಾರಗಳಲ್ಲಿ 15 ಸಲ ಚೀನೀ ಪದ್ಧತಿಯ ಸೂಜಿ ಕೊಟ್ಟು ನೋಡಿತು. ಚೀನಾದ ಪದ್ಧತಿಯೂ ಕೊರಿಯಾದ್ದೂ ದಾಯಾದಿಗಳೇ, ಚುಚ್ಚುವ ಬಿಂದುಗಳು ಹೆಚ್ಚಾಗಿ ಅವವೇ. ಚಿಕಿತ್ಸೆ ಮುಗಿದು ಮೂರು ತಿಂಗಳಾದಾಗ ನೋವು ಅರ್ಧಕ್ಕಿಳಿದವರು ನಿಜವಾದ ಸೂಜಿಯ ಗುಂಪಿನಲ್ಲಿ ಶೇ 65, ಹೋಲಿಕೆಗೆಂದು ಕೊಟ್ಟ ಸುಳ್ಳು ಸೂಜಿಯ ಗುಂಪಿನಲ್ಲಿ ಶೇ 24, ಮೂಳೆ ವೈದ್ಯರ ಮಾಮೂಲು ಚಿಕಿತ್ಸೆಯಲ್ಲಿ ಶೇ 37. ಸ್ಪೇನಿನಲ್ಲಿ 425 ಜನರ ಮೇಲೆ ನಡೆದು 2008ರಲ್ಲಿ ಪ್ರಕಟವಾದದ್ದು ಇನ್ನೊಂದು. ಅಲ್ಲಿ ವಾರಕ್ಕೊಂದರಂತೆ ಮೂರೇ ವಾರ, ಅದೂ ಕಾಲಿನ ಒಂದೇ ಬಿಂದುವಿಗೆ, ಜೊತೆಗೆ ಫಿಸಿಯೊಥೆರಪಿ. ಫಿಸಿಯೊಥೆರಪಿ ಮಾತ್ರ ಪಡೆದವರಿಗಿಂತ ಇವರು ಹೆಚ್ಚು ಸುಧಾರಿಸಿದರು. ಒಂದು ಕಡೆ ಹದಿನೈದು, ಇನ್ನೊಂದು ಕಡೆ ಮೂರು! ಹೆಗಲಿಗೆ ಇಂತಿಷ್ಟೇ ಸೂಜಿ ಎಂದು ಕಲ್ಲಿನಲ್ಲಿ ಕೆತ್ತಿದ ಸಂಖ್ಯೆ ಇಲ್ಲ ಎನ್ನಲು ಇಷ್ಟು ಸಾಕು.

ಅನುಮಾನಿಸುವವರ ಪಾಲೂ ಇದೆ. ಸೂಜಿ ಸುಳ್ಳೋ ನಿಜವೋ ಎಂದು ರೋಗಿಗೆ ಗೊತ್ತಾಗದಂತೆ ಪರೀಕ್ಷೆ ನಡೆಸುವುದು ಬಹಳ ಕಷ್ಟ, ಚುಚ್ಚುವ ವೈದ್ಯನಿಗಂತೂ ಗೊತ್ತೇ ಇರುತ್ತದೆ. ಮಂಚ, ಕಾವು, ಕೈ ಮುಟ್ಟಿ ನೋಡುವ ವೈದ್ಯ ಇವೆಲ್ಲ ಸೇರಿ ಕೊಡುವ ಸಮಾಧಾನವನ್ನು ಸೂಜಿಯ ಲೆಕ್ಕದಿಂದ ಕಳೆಯುವುದು ಸುಲಭವಲ್ಲ. 39 ಪರೀಕ್ಷೆಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆ, ಹೆಗಲೂ ಸೇರಿದಂತೆ ಹಳೆಯ ನೋವುಗಳಿಗೆ ಸೂಜಿಯಿಂದ ಉಪಯೋಗವಿದೆ, ಸುಳ್ಳು ಸೂಜಿಗೆ ಹೋಲಿಸಿದರೆ ಅಂತರ ಸಣ್ಣದು ಎಂದಿತು. ನನಗೆ ಅದರಲ್ಲಿ ಮುಖ್ಯವೆನಿಸಿದ್ದು ಬೇರೆ: ಚಿಕಿತ್ಸೆಯ ಸುತ್ತು ಮುಗಿದು ಒಂದು ವರ್ಷವಾದರೂ ಸಿಕ್ಕ ಲಾಭದಲ್ಲಿ ಇಳಿದದ್ದು ಸುಮಾರು ಶೇ 15 ಮಾತ್ರ. ನಿಲ್ಲಿಸಿದರೆ ನೋವು ಮರಳುತ್ತದೆ ಎಂದು ವಾರವಾರವೂ ಕರೆಸಿಕೊಳ್ಳುವ ವೈದ್ಯರ ಮುಂದೆ ಇಡಬೇಕಾದ ಸಂಗತಿ ಇದು.

ಹಾಗಿದ್ದರೂ ಕೊರಿಯಾದಲ್ಲಿ ಜನ ವರ್ಷಗಟ್ಟಲೆ ಹೋಗುತ್ತಾರೆ. ಕಾರಣ ಅಗ್ಗ. ಕ್ಲಿನಿಕ್ಕಿನಲ್ಲಿ ವಿಮೆಯ ಚಿಕಿತ್ಸೆಗೆ ರೋಗಿ ಸಾಮಾನ್ಯವಾಗಿ ಕಟ್ಟುವುದು ಬಿಲ್ಲಿನ ಶೇ 30. ಅರವತ್ತೈದು ದಾಟಿದವರ ಬಿಲ್ಲು 15,000 ವನ್ ಒಳಗಿದ್ದರೆ ಕೊಡಬೇಕಾದದ್ದು 1,500 ವನ್, ನಮ್ಮ ಸುಮಾರು ನೂರು ರೂಪಾಯಿ. ಚಳಿಗಾಲದ ಬೆಳಿಗ್ಗೆ ಬೆಚ್ಚನೆಯ ಮಂಚ, ಅಕ್ಕಪಕ್ಕದಲ್ಲಿ ಪರಿಚಯದ ದನಿಗಳು, ವಿಚಾರಿಸಿಕೊಳ್ಳುವ ನರ್ಸು. ಒಂಟಿಯಾಗಿರುವ ಮುದುಕಿಗೆ ಆ ಭೇಟಿ ಹೆಗಲಿನದಷ್ಟೇ ಅಲ್ಲ, ಅದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಆದರೆ ಸರ್ಕಾರ ಲೆಕ್ಕ ಹಾಕಲೇಬೇಕಾಯಿತು. ಶ್ರೀಮಂತ ದೇಶಗಳ ಪೈಕಿ ವೈದ್ಯರ ಬಳಿ ಅತಿ ಹೆಚ್ಚು ಸಲ ಹೋಗುವವರು ಕೊರಿಯನ್ನರು, ತಲೆಗೆ ವರ್ಷಕ್ಕೆ ಹದಿನೇಳು ಸಲಕ್ಕೂ ಮೇಲೆ. ವರ್ಷದ ದಿನಗಳಿಗಿಂತ ಹೆಚ್ಚು ಸಲ ಆಸ್ಪತ್ರೆ, ಕ್ಲಿನಿಕ್ಕುಗಳಿಗೆ ಹೋದವರೇ ಎರಡು ಸಾವಿರಕ್ಕೂ ಹೆಚ್ಚು ಜನ ಸಿಕ್ಕರು. 2024ರ ಜುಲೈನಿಂದ, ವರ್ಷಕ್ಕೆ 365 ಹೊರರೋಗಿ ಭೇಟಿ ದಾಟಿದರೆ ಮುಂದಿನದಕ್ಕೆ ಶೇ 90 ತಾವೇ ಕಟ್ಟಬೇಕೆಂಬ ನಿಯಮ ಬಂತು. ‘ಛುನಾ’ವನ್ನು 2019ರ ಏಪ್ರಿಲ್‌ನಲ್ಲಿ ವಿಮೆಗೆ ಸೇರಿಸುವಾಗಲೇ ಒಬ್ಬರಿಗೆ ವರ್ಷಕ್ಕೆ 20 ಸಲ ಎಂದು ಬೇಲಿ ಹಾಕಿದ್ದರು. ಎಷ್ಟೋ ಹೆಗಲುಗಳ ವೇಳಾಪಟ್ಟಿ ಆ ಇಪ್ಪತ್ತರ ಸುತ್ತ ಹೆಣೆದುಕೊಂಡರೆ ಆಶ್ಚರ್ಯವೇನಿಲ್ಲ.

ವಿಮೆಯ ಹೊರಗಿನದರ ಕಡೆಗೂ ಒಂದು ಕಣ್ಣಿರಬೇಕು. ಹೆಗಲು ನೋವಿಗೆ ಕುದಿಸಿದ ಕಷಾಯ, ಯಾಕ್ಛಿಮ್ ಇವಕ್ಕೆ ಆರೋಗ್ಯ ವಿಮೆ ಸಿಗುವುದಿಲ್ಲ, ಪೂರ್ತಿ ಕೈಯಿಂದಲೇ. ಹತ್ತು ಸಲದ್ದು ಮುಂಗಡ ಕಟ್ಟಿದರೆ ಒಂದು ಉಚಿತ ಎಂಬಂಥ ಮಾತು ಬಂದರೆ ಅದು ಹೆಗಲನ್ನು ನೋಡಿ ಆಡಿದ ಮಾತಲ್ಲ. ಹೆಗಲು ಐದನೆಯ ಸಲಕ್ಕೇ ಸರಿಹೋದರೆ ಉಳಿದ ಐದನ್ನು ಏನು ಮಾಡುವುದು?

ಅಪಾಯದ ವಿಷಯ ಬಂದರೆ, ಸೂಜಿ ಚಿಕಿತ್ಸೆ ಒಟ್ಟಾರೆ ಸುರಕ್ಷಿತ. ಆದರೆ ಕತ್ತು ಮತ್ತು ಹೆಗಲಿನ ನಡುವಿನ ದಿಬ್ಬದ ಕೆಳಗೇ ಶ್ವಾಸಕೋಶದ ತುದಿಯಿದೆ, ಅಲ್ಲಿ ಆಳಕ್ಕೆ ಹೋದ ಸೂಜಿ ಎದೆಗೂಡಿಗೆ ಗಾಳಿ ನುಗ್ಗಿಸಬಹುದು. ಚಿಕಿತ್ಸೆಯ ನಂತರ ಉಸಿರು ಕಟ್ಟಿದಂತಾದರೆ, ಎದೆ ಚುಚ್ಚಿದರೆ ಮುಂದಿನ ಸರದಿಗೆ ಕಾಯದೆ ತುರ್ತು ಚಿಕಿತ್ಸೆಗೆ ಓಡಬೇಕು. ಜೇನುಹುಳುವಿನ ವಿಷ ಬಳಸುವ ಸೂಜಿ ಇನ್ನೊಂದು. 2018ರಲ್ಲಿ ಬುಚನ್ ನಗರದ ಕ್ಲಿನಿಕ್ಕೊಂದರಲ್ಲಿ ಅದನ್ನು ಚುಚ್ಚಿಸಿಕೊಂಡ ಶಾಲಾ ಶಿಕ್ಷಕಿಯೊಬ್ಬರು ಅಲರ್ಜಿಯ ಆಘಾತದಿಂದ ತೀರಿಕೊಂಡರು. ಅಲರ್ಜಿ ಪರೀಕ್ಷೆ ಮಾಡದೆ ಅದನ್ನು ಒಪ್ಪಬಾರದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ರಕ್ತ ತೆಗೆಯುವ ಬಟ್ಟಲಿನಿಂದ ದೂರವಿರಬೇಕು. ಬಟ್ಟಲಿನ ಕಲೆ ಆರದ ಜಾಗಕ್ಕೆ ಮತ್ತೆ ಬಟ್ಟಲು ಇಡಿಸಿಕೊಳ್ಳಬಾರದು.

ಇವಕ್ಕಿಂತ ದೊಡ್ಡ ಅಪಾಯ ಸದ್ದಿಲ್ಲದ್ದು: ಅಸಲು ಕಾಯಿಲೆ ಕಣ್ತಪ್ಪುವುದು. ಕೊರಿಯಾದ ಸರ್ವೋಚ್ಚ ನ್ಯಾಯಾಲಯ 2022ರ ಡಿಸೆಂಬರಿನಲ್ಲಿ, ಸಾಂಪ್ರದಾಯಿಕ ವೈದ್ಯರು ಅಲ್ಟ್ರಾಸೌಂಡ್ ಯಂತ್ರ ಬಳಸಬಹುದು ಎನ್ನುವ ತೀರ್ಪು ಕೊಟ್ಟಿತು. ಆ ಮೊಕದ್ದಮೆಯ ಹಿಂದಿದ್ದ ರೋಗಿಗೆ ವೈದ್ಯರು ಎರಡು ವರ್ಷಗಳಲ್ಲಿ 68 ಸಲ ಯಂತ್ರವಿಟ್ಟು ನೋಡಿದ್ದರು, ಗರ್ಭಕೋಶದ ಒಳಪದರದ ಕ್ಯಾನ್ಸರ್ ತಪ್ಪಿಹೋಗಿತ್ತು. ಅದು ಹೆಗಲಿನ ಕಥೆಯಲ್ಲ. ಆದರೂ ತಿರುತಿರುಗಿ ಹೋಗುವುದೂ ಕಾಯಿಲೆ ತಿಳಿಯುವುದೂ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಎಡ ಹೆಗಲಿನ ನೋವು ಹೃದಯದ್ದಿರಬಹುದು, ಬಲ ಹೆಗಲಿನದು ಪಿತ್ತಕೋಶದ್ದಿರಬಹುದು, ಬೆರಳಿಗೆ ಜೋಮು ಇಳಿದರೆ ಕತ್ತಿನ ನರದ್ದಿರಬಹುದು. ಬಿದ್ದ ಮೇಲೆ ತೋಳು ಎತ್ತಲಾಗದಿದ್ದರೆ ಸ್ನಾಯು ಹರಿದಿರಬಹುದು. ಜ್ವರ ಬಂದರೆ, ತೂಕ ಇಳಿಯುತ್ತಿದ್ದರೆ, ರಾತ್ರಿ ಯಾವ ಮಗ್ಗುಲಿಗೂ ತಗ್ಗದಿದ್ದರೆ ಸೂಜಿಯ ಮಾತು ಆಮೇಲೆ.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ವಾರಕ್ಕೆಷ್ಟು ಎಂಬುದಕ್ಕಿಂತ ಮೊದಲು ಕೇಳಬೇಕಾದದ್ದು, ಯಾವಾಗ ನಿಲ್ಲಿಸಿ ನೋಡುವುದು ಎಂಬುದನ್ನು. ಮೊದಲ ದಿನವೇ ತೋಳು ಎಲ್ಲಿಯವರೆಗೆ ಏರುತ್ತದೆ, ಬೆನ್ನ ಹಿಂದೆ ಹೆಬ್ಬೆರಳು ಎಲ್ಲಿಗೆ ಮುಟ್ಟುತ್ತದೆ, ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ ಎಂದು ಬರೆದಿಟ್ಟುಕೊಳ್ಳಿ. ಆರು ಸಲ ಆದ ಮೇಲೆ ಅದನ್ನೇ ಮತ್ತೆ ಅಳೆಯಿರಿ. ಏನೂ ಬದಲಾಗದಿದ್ದರೆ ಏಳನೆಯ ಸಲಕ್ಕೆ ಹೋಗುವ ಮೊದಲು ಸ್ಕ್ಯಾನ್ ಮಾಡಿಸುವುದೋ ಬೇರೆ ವೈದ್ಯರನ್ನು ಕಾಣುವುದೋ ಮೇಲು. ಒಳ್ಳೆಯ ಹನುಯಿಸಾ ಈ ಮಾತನ್ನು ತಾವೇ ಹೇಳುತ್ತಾರೆ.

ಸುವಾನ್, ಸೋಲ್, ದೇಜನ್ ಊರುಗಳಲ್ಲಿ ಕೆಲಸಕ್ಕೋ ಓದಿಗೋ ಹೋಗಿರುವ ಕನ್ನಡದವರಿಗೆ ಒಂದು ಕಿವಿಮಾತು. 2019ರ ಜುಲೈನಿಂದ ಆರು ತಿಂಗಳಿಗಿಂತ ಹೆಚ್ಚು ನೆಲೆಸುವ ವಿದೇಶಿಯರಿಗೂ ಅಲ್ಲಿ ಆರೋಗ್ಯ ವಿಮೆ ಕಡ್ಡಾಯ. ತಿಂಗಳು ತಿಂಗಳು ಕಂತು ಕಟ್ಟುವವರು ಹನುಯಿವನ್‌ಗೆ ಹೋದರೂ ಅದೇ ಶೇ 30 ಕಟ್ಟಿದರೆ ಸಾಕು. ದಿನವಿಡೀ ಲ್ಯಾಪ್‌ಟಾಪಿನ ಮುಂದೆ ಕೂತು ಹೆಗಲು ಬಿಗಿಸಿಕೊಂಡವರಿಗೆ ನಾಲ್ಕೈದು ವಾರದ ಒಂದು ಸುತ್ತು ಖಂಡಿತ ನೋಡಬಹುದಾದದ್ದು.

ಪ್ರವಾಸಕ್ಕೆ ಹೋದವರ ಮಾತು ಬೇರೆ. ಮಗನ ಮನೆಗೆಂದು ಹತ್ತು ಹದಿನೈದು ದಿನಕ್ಕೆ ಹೋದ ಅಪ್ಪ ಅಮ್ಮಂದಿರಿಗೆ ಆ ವಿಮೆ ಇಲ್ಲ, ಪೂರ್ತಿ ಬಿಲ್ಲು ಅವರದೇ. ಹಿಡಿದುಕೊಂಡ ಹೆಗಲನ್ನು ಆ ಹತ್ತು ದಿನದಲ್ಲಿ ದಿನವೂ ಸೂಜಿ ಕೊಡಿಸಿ ಬಿಡಿಸಿಕೊಂಡು ಬರುವ ಯೋಚನೆ ಬೇಡ. ಎರಡು ಮೂರು ಸಲ ಹೋಗಿ ನಿದ್ದೆಗಾದರೂ ಅನುಕೂಲವಾಗುತ್ತದೋ ನೋಡಬಹುದು. ವಿಮಾನ ಹತ್ತುವ ದಿನ ಬಟ್ಟಲು ಬೇಡ, ಉದ್ದ ಪ್ರಯಾಣದಲ್ಲಿ ಸೀಟಿಗೊರಗಿದಾಗ ಉರಿಯುತ್ತದೆ. ಊರಿಗೆ ಬಂದ ಮೇಲೆ ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ, ಆಮೇಲೆ ಹತ್ತಿರದ ಫಿಸಿಯೊಥೆರಪಿಯವರ ಬಳಿ ಗೋಡೆ ಹತ್ತಿಸುವ ವ್ಯಾಯಾಮ ಕಲಿತು, ಅದನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮಾಡಬೇಕು.